ಬಾಣಲೆಯಲ್ಲಿ ಸೀಸ ಕರಗಿಸಿದ್ದು

ಮೀನಿಗೆ ಸಿಟ್ಟು ಬರಿಸುವ ವಿದ್ಯೆಯನ್ನು ನಾನು ಕಲಿತದ್ದು ಮೊಬೈಲ್ ವಿಡಿಯೊ ನೋಡಿ. ಆ ವಿದ್ಯೆಯ ಹೆಸರು ಬ್ಲೇಡೆಡ್ ಜಿಗ್. ಗಾಳದ ಕೊಕ್ಕೆಗೆ ಸೀಸದ ಪುಟ್ಟ ತಲೆ, ಸೊಂಟಕ್ಕೆ ರಬ್ಬರ್ ಎಳೆಗಳ ಲಂಗ, ಮೂಗಿನ ಮುಂದೆ ಒಂದು ತಗಡಿನ ಬಿಲ್ಲೆ. ನೀರಿನಲ್ಲಿ ಎಳೆದರೆ ತಗಡು ಗಡಗಡ ನಡುಗುತ್ತದೆ. ಆ ಸದ್ದಿಗೆ ಕೆರಳಿದ ಮೀನು ಬಂದು ಕಚ್ಚುತ್ತದೆ. ಅಷ್ಟೇ!

"ಅಂಗಡೀಲಿ ಸಿಗುತ್ತಲ್ಲ ಮಾರಾಯ, ತಗೊಂಡ್ರೆ ಆಯ್ತು" ಅಂದರು ಭದ್ರಾವತಿಯ ನಾಗರಾಜ ಭಾವ. ನನ್ನ ಹೆಂಡತಿ ಸುಮಾಳ ಅಣ್ಣ, ನನ್ನ ಮೀನುಬೇಟೆಯ ಗುರು.

"ಭಾವ, ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡೋ ಮೇಷ್ಟ್ರು. ಸೀಸ ಕರಗಿಸೋದು ನಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಸೀಸ ವಿಷ ಎಂಬುದೂ ಗೊತ್ತಿತ್ತು. ಪ್ರತಿ ವರ್ಷ ಅದನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುವವನು ನಾನೇ.

ಶನಿವಾರ ಮಧ್ಯಾಹ್ನ ಸುಮಾ ಮಾರ್ಕೆಟ್ಟಿಗೆ ಹೋದ ಸಮಯ ನೋಡಿ ಟೆರೇಸಿನಲ್ಲಿ ಕಾರ್ಖಾನೆ ಆರಂಭವಾಯಿತು. ಟೈರ್ ಅಂಗಡಿಯಿಂದ ಬೇಡಿ ತಂದ, ಚಕ್ರದ ತೂಕ ಸರಿದೂಗಿಸುವ ಸೀಸದ ತುಂಡುಗಳು, ಹಳೇ ಸೀಮೆಎಣ್ಣೆ ಸ್ಟವ್, ಪ್ಲಾಸ್ಟರಿನ ಅಚ್ಚು. ಕರಗಿಸುವುದಕ್ಕೆ ಪಾತ್ರೆ? ಅಡುಗೆಮನೆಯಲ್ಲಿ ಕಬ್ಬಿಣದ ಒಂದು ಸಣ್ಣ ಬಾಣಲೆ ಸುಮ್ಮನೆ ನೇತಾಡುತ್ತಿತ್ತು. ವಿಜ್ಞಾನಕ್ಕಾಗಿ ಅದನ್ನು ಇಳಿಸಿಕೊಂಡೆ.

ಅಚ್ಚು ಇನ್ನೂ ಹಸಿಯಾಗಿತ್ತು. ಸೀಸ ಸುರಿದದ್ದೇ ತಡ, ಪಟಾರ್! ಒಂದು ಹನಿ ನನ್ನ ಲುಂಗಿಯನ್ನು ತೂತು ಮಾಡಿಕೊಂಡು ಹೋಯಿತು. ಒಂದು ಗೇಣು ಆಚೆ ಈಚೆಯಾಗಿದ್ದರೆ ಈ ಲೇಖನದ ವಿಷಯವೇ ಬೇರೆಯಾಗುತ್ತಿತ್ತು. ಅಚ್ಚನ್ನು ಬಿಸಿಲಿಗೆ ಒಣಗಿಸಿ ಮತ್ತೆ ಸುರಿದೆ. ಕಾಫಿಪುಡಿ ಡಬ್ಬಿಯ ಮುಚ್ಚಳ ಕತ್ತರಿಸಿ ಬಿಲ್ಲೆ ಮಾಡಿದೆ. ಬಲೂನು ಸೀಳಿ ಲಂಗ ಉಡಿಸಿದೆ. ಸಂಜೆಯ ಹೊತ್ತಿಗೆ ಮೂರು ಜಿಗ್ ಸಿದ್ಧ! ಬಾಣಲೆಯನ್ನು ನೀರಿನ ಟ್ಯಾಂಕಿನ ಹಿಂದೆ ಬಚ್ಚಿಟ್ಟೆ.

ಭಾನುವಾರ ಮಾವ, ಅತ್ತೆ ಊಟಕ್ಕೆ ಬರುವವರಿದ್ದರು. ನಾಟಿ ಕೋಳಿ ಸಾರು, ಮುದ್ದೆ. ನಾನು ಬೆಳಿಗ್ಗೆಯೇ ಭದ್ರಾವತಿಗೆ ಹೋಗಿ, ಹೊಳೆಯಲ್ಲಿ ಮೀನು ಹಿಡಿದು, ಮಧ್ಯಾಹ್ನ ಭಾವನನ್ನೂ ಮೀನನ್ನೂ ಶಿವಮೊಗ್ಗದ ನಮ್ಮ ಮನೆಗೆ ಕರೆತರುವುದೆಂದು ತೀರ್ಮಾನವಾಗಿತ್ತು.

ಮೊದಲನೇ ಜಿಗ್ ದಾರದಿಂದ ಕಳಚಿ ಆಚೆ ದಡಕ್ಕೆ ಹಾರಿತು. ಎರಡನೆಯದು ಕಲ್ಲಿನ ಸಂದಿಯಲ್ಲಿ ಶಾಶ್ವತವಾಗಿ ನೆಲೆಸಿತು. ಮೂರನೆಯದನ್ನು ಎಳೆಯುತ್ತಿದ್ದಾಗ ಸುಮಾಳ ಫೋನ್ ಬಂತು.

"ರೀ, ಎಷ್ಟೊತ್ತಿಗೆ ಬರ್ತೀರಿ? ಅಪ್ಪ ಅಮ್ಮ ಬಂದಾಯ್ತು. ಬಾಣಲೆ ಹುಡ್ಕಿ ಹುಡ್ಕಿ ಸಾಕಾಗಿತ್ತು. ಅಂತೂ ಒಂದು ಸಿಕ್ತು, ಮಸಾಲೆ ಹುರಿದು ಸಾರಿಗೆ ಹಾಕ್ದೆ. ಬೇಗ ಬನ್ನಿ."

ತಗಡು ನಡುಗಲಿಲ್ಲ. ನಾನು ನಡುಗಿದೆ. ಎಷ್ಟೆಂದರೆ ಫೋನು ಕೈಜಾರಿ ಹೊಳೆಗೆ ಬಿತ್ತು!

ಭಾವನ ಫೋನಿನಿಂದ ಸುಮಾಳಿಗೆ ಕರೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಇಲ್ಲ. "ಭಾವ, ಸ್ಕೂಟರ್ ಹತ್ತಿ!"

"ಏನಾಯ್ತೋ?"

"ನಿಮ್ಮಪ್ಪಂಗೆ ವಿಷ ಹಾಕಿದೀನಿ!"

ಭಾವ ಹಿಂದೆ ಹತ್ತಿ ಕುಳಿತರು. ದಾರಿಯಲ್ಲಿ ಮಲವಗೊಪ್ಪ ದಾಟುವವರೆಗೂ ಹಿಂದಿನಿಂದ ಕೇಳಿಸುತ್ತಿದ್ದದ್ದು ಅವರು ಮತ್ತೆ ಮತ್ತೆ ಮಾಡುತ್ತಿದ್ದ ಕರೆಯ ರಿಂಗು ಮಾತ್ರ. ನನ್ನ ಕಣ್ಣೆದುರು ಇದ್ದದ್ದು ಮಾವನ ಮುಖ. ಮದುವೆಯಾದಂದಿನಿಂದ ನನ್ನನ್ನು ಒಂದು ಮಾತೂ ಗದರದ ಮನುಷ್ಯ.

ಚಪ್ಪಲಿ ಸಮೇತ ಒಳಗೆ ನುಗ್ಗಿದೆ. ಮಾವ ತಟ್ಟೆಯ ಮುಂದೆ ಕುಳಿತಿದ್ದರು. ಮೊದಲ ತುತ್ತು ಗಂಟಲಲ್ಲಿ ಇಳಿಯುತ್ತಿತ್ತು.

"ಮಾವ, ವಾಂತಿ ಮಾಡಿ!"

ಮಾವನ ಸತ್ಕಾರದಲ್ಲಿ ಹೀಗೆ ಹೇಳಿದ ಮೊದಲ ಅಳಿಯ ಬಹುಶಃ ನಾನೇ. ತಟ್ಟೆ ಕಿತ್ತುಕೊಂಡೆ. ಅಡುಗೆಮನೆಗೆ ಓಡಿ, ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಗೇಟಿನಾಚೆಯ ಚರಂಡಿಗೆ ಪೂರ್ತಿ ಸುರಿದುಬಿಟ್ಟೆ.

"ಅಯ್ಯೋ, ಇವ್ರಿಗೆ ಏನಾಯ್ತೇ?" ಅತ್ತೆ ಎದೆ ಹಿಡಿದುಕೊಂಡರು.

"ಆ ಬಾಣಲೇಲಿ ಸೀಸ ಕರಗಿಸಿದ್ದೆ!" ನಾನು ಕಿರುಚಿದೆ. "ಟ್ಯಾಂಕಿನ ಹಿಂದೆ ಇಟ್ಟಿದ್ನಲ್ಲ, ಅದು!"

ಸುಮಾ ಸೌಟು ಹಿಡಿದುಕೊಂಡೇ ನಿಂತಿದ್ದಳು. "ಟ್ಯಾಂಕಿನ ಹಿಂದೆನಾ? ನನ್ನ ಬಾಣಲೆ ಸಿಗ್ಲೇ ಇಲ್ಲ ರೀ. ಪಕ್ಕದ್ಮನೆ ಗಿರಿಜಕ್ಕನ ಹತ್ರ ಇಸ್ಕೊಂಡು ಬಂದೆ."

ಅಲ್ಲೇ ನೆಲದ ಮೇಲೆ ಕುಳಿತೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಯಾರಿಗೂ ಏನೂ ಆಗಿರಲಿಲ್ಲ! ಜೀವನದಲ್ಲಿ ಯಾವ ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಹಗುರವೆನಿಸಿರಲಿಲ್ಲ. ಭಾವ ಮಾತ್ರ ಗೋಡೆಗೆ ಒರಗಿ, "ನನ್ನ ಆಯಸ್ಸಲ್ಲಿ ಹತ್ತು ವರ್ಷ ಹೋಯ್ತಲ್ಲೋ ಮಾರಾಯ" ಎಂದು ಗೊಣಗುತ್ತಿದ್ದರು.

ಮಾವ ನಿಧಾನವಾಗಿ ಬೆರಳು ನೆಕ್ಕಿಕೊಂಡರು. "ಒಂದೇ ತುತ್ತಾದ್ರೂ ಬಾಳ ಚೆನ್ನಾಗಿತ್ತು ಕಣಮ್ಮ" ಎಂದು ಮಗಳಿಗೆ ಹೇಳಿದರು. ಎಲ್ಲರೂ ಮಜ್ಜಿಗೆ, ಉಪ್ಪಿನಕಾಯಿಯಲ್ಲಿ ಮುದ್ದೆ ನುಂಗಿದರು. ಸುಮಾ ನನ್ನ ತಟ್ಟೆಗೆ ಉಪ್ಪಿನಕಾಯಿಯನ್ನೂ ಹಾಕಲಿಲ್ಲ.

ಅಂದು ನನ್ನ ಸಾಹಸವನ್ನು ಮನಸಾರೆ ಮೆಚ್ಚಿದವರು ನಮ್ಮ ಬೀದಿಯ ಮೂರು ನಾಯಿಗಳು ಮಾತ್ರ. ಈಗಲೂ ನಾನು ಗೇಟು ತೆಗೆದರೆ ಸಾಕು, ಮೂರೂ ಬಾಲ ಅಲ್ಲಾಡಿಸುತ್ತಾ ಬಂದು ಚರಂಡಿಯ ಪಕ್ಕ ಸಾಲಾಗಿ ಕೂರುತ್ತವೆ.