ಗುರಿ ಮೂರು ಈಡೇರಿಲ್ಲವೆಂದು ಘೋಷಿಸುವ ಬಗ್ಗೆ

ಇಂದ
ಕೈಕೆಲಸದ ಮೇಷ್ಟ್ರು
(ಮರಗೆಲಸ, ರಟ್ಟಿನ ಕೆಲಸ, ಮತ್ತು ಗಣಿತದವರು ರಜೆ ಹಾಕಿದ ದಿನ ಗಣಿತ),
ಹಳೇ ಹೊಲಿಗೆ ಕೋಣೆ, ನೆಲಮಹಡಿ.

ಗೆ
ಮಾನ್ಯ ಪ್ರಾಂಶುಪಾಲರಾದ ಸಿಸ್ಟರ್ ಅವರು,
ಅಧ್ಯಕ್ಷರು, ದೀರ್ಘಾವಧಿ ಗುರಿಗಳ ಪ್ರಗತಿ ಪರಿಶೀಲನಾ ಸಮಿತಿ,
ಮೊದಲ ಮಹಡಿ, ಹೊಲಿಗೆ ಕೋಣೆಯ ನೇರ ಮೇಲೆ.

ವಿಷಯ: ಶಾಲೆಯ ದೀರ್ಘಾವಧಿ ಗುರಿಗಳ ಪೈಕಿ ಗುರಿ ಮೂರಕ್ಕೆ ಅಂಟಿಸಿರುವ ಹಸಿರು ಚುಕ್ಕಿಯನ್ನು ಕಿತ್ತು, ಹಳದಿ ಚುಕ್ಕಿಯನ್ನು, ತಾವು ಮನಸ್ಸು ಮಾಡಿದರೆ ಕೆಂಪು ಚುಕ್ಕಿಯನ್ನೇ, ಅಂಟಿಸುವ ಬಗ್ಗೆ.

ಉಲ್ಲೇಖ:
1. ಪ್ರವೇಶದ್ವಾರದ ಗೋಡೆಗೆ ತೂಗುಹಾಕಿರುವ ಗುರಿಗಳ ಪಟ (ಈಡೇರಿದ್ದಕ್ಕೆ ಹಸಿರು ಚುಕ್ಕಿ, ನಡೆಯುತ್ತಿರುವುದಕ್ಕೆ ಹಳದಿ, ಆಗದ್ದಕ್ಕೆ ಕೆಂಪು).
2. ಶುಕ್ರವಾರ ಉಪಪ್ರಾಂಶುಪಾಲರು ಅರ್ಜಿದಾರನ ಬೆನ್ನು ತಟ್ಟಿದ್ದು.
3. ಅದೇ ಶುಕ್ರವಾರ, ಬೆನ್ನು ತಟ್ಟಿದ ಅದೇ ಕೈಯಿಂದ ಮೇಜಿನ ಅಳತೆ ತೆಗೆದುಕೊಂಡದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಜನ ಸಾಮಾನ್ಯವಾಗಿ ತಮ್ಮ ಕೆಲಸ ಚೆನ್ನಾಗಿ ಆಗಿದೆ ಎಂದು ಒಪ್ಪಿಕೊಳ್ಳಿ ಅಂತ ಅರ್ಜಿ ಹಾಕುತ್ತಾರೆ. ಸದರಿ ಅರ್ಜಿದಾರನು ತನ್ನ ಕೆಲಸ ಕೆಟ್ಟಿದೆ ಎಂದು ಒಪ್ಪಿಕೊಳ್ಳಿ ಅಂತ ಅರ್ಜಿ ಹಾಕುತ್ತಿದ್ದಾನೆ. ಕರಡನ್ನು ಓದಿದ ಅರ್ಜಿದಾರನ ಹೆಂಡತಿಯವರು, "ಎಲ್ಲರೂ ಬಡ್ತಿಗೆ ಬರೀತಾರೆ, ನೀವು ಬೈಸಿಕೊಳ್ಳೋಕೆ ಬರೀತಿದ್ದೀರಾ" ಎಂದು ಅಭಿಪ್ರಾಯಪಟ್ಟಿದ್ದಾರೆ. ಆದರೂ ಕಾರಣಗಳು ಈ ಕೆಳಗಿನಂತಿವೆ.

1. ಗುರಿ ಮೂರು ಎಂಬುದು ಹೀಗಿದೆ: "ನಮ್ಮ ಶಾಲೆಯ ಆವರಣದಲ್ಲಿ ಯಾರೂ ಒಂಟಿಯಾಗಿ ಊಟ ಮಾಡಬಾರದು." ಉಳಿದ ಗುರಿಗಳಲ್ಲಿ ಉತ್ಕೃಷ್ಟತೆ, ಸುಸ್ಥಿರತೆ, ಸಮಗ್ರತೆ ಮುಂತಾದ ದೊಡ್ಡ ದೊಡ್ಡ ಪದಗಳು ಇದ್ದ ಕಾರಣ ಅವು ದೊಡ್ಡ ದೊಡ್ಡವರ ಪಾಲಾದವು. ಇದರಲ್ಲಿ ಊಟ ಇದ್ದ ಕಾರಣ ಯಾರೂ ಮುಂದೆ ಬರಲಿಲ್ಲ. ಆ ಸಭೆಯಲ್ಲಿ ಅರ್ಜಿದಾರನು ಕಿಟಕಿ ಮುಚ್ಚಲೆಂದು ಎದ್ದು ನಿಂತದ್ದನ್ನು ಉಪಪ್ರಾಂಶುಪಾಲರು ಸ್ವಯಂಪ್ರೇರಣೆ ಎಂದು ದಾಖಲಿಸಿಕೊಂಡರು. ಹೀಗೆ ಅವನು ಗುರಿ ಮೂರರ ಸಂಚಾಲಕನಾದನು. ಕಿಟಕಿ ಮುಚ್ಚಲೇ ಇಲ್ಲ.

2. ಅರ್ಜಿದಾರನಿಗೆ ಯೋಜನೆ ಬರೆಯಲು ಬಾರದ ಕಾರಣ ಅವನು ಮೇಜು ಮಾಡಿದನು. ಸಭಾಂಗಣಕ್ಕೆ ಹೊಸ ಬಾಗಿಲು ಬಂದಾಗ ಹಿತ್ತಲಲ್ಲಿ ಒರಗಿಸಿದ್ದ ಹಳೆಯ ಬಾಗಿಲುಗಳನ್ನು ಉಜ್ಜಿ, ಉದ್ದಕ್ಕೆ ಜೋಡಿಸಿ, ಕಾಲು ಹಚ್ಚಿ, ಹೊಲಿಗೆ ಕೋಣೆಯಲ್ಲಿ ನಿಲ್ಲಿಸಿದನು. ಒಂದು ಬಾಗಿಲ ಹಿತ್ತಾಳೆ ಹಿಡಿಯನ್ನು ಬಿಚ್ಚಲು ಹೋದರೆ ಅದರ ತಿರುಪು ತುಕ್ಕು ಹಿಡಿದು ಕದಲಲಿಲ್ಲ. ಬಿಟ್ಟುಬಿಟ್ಟನು. ಮಕ್ಕಳಿಗೆ ಆ ಹಿಡಿಯೇ ಸಿಂಹಾಸನವಾಯಿತು. ಅದರ ಪಕ್ಕ ಕೂತವರು ಅದನ್ನು ತಿರುಗಿಸಿದರೆ ಊಟ ಶುರು. ತಿರುಗಿಸುವ ತನಕ ಯಾರೂ ಡಬ್ಬಿ ತೆರೆಯುವಂತಿಲ್ಲ, ಅರ್ಜಿದಾರನೂ. ಈ ನಿಯಮ ಮಾಡಿದವರು ಯಾರೆಂದು ವಿಚಾರಿಸಲಾಗಿ, "ಅದು ಮೊದಲಿಂದಾನೂ ಹಂಗೇ ಸಾರ್" ಎಂಬ ಉತ್ತರ ಬಂದಿರುತ್ತದೆ. ಮೇಜಿಗಿನ್ನೂ ಒಂದು ವಾರ ತುಂಬಿರಲಿಲ್ಲ.

3. ಏಳನೇ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇರುವಳು. ವರ್ಷದ ನಡುವೆ ಬೇರೆ ಶಾಲೆಯಿಂದ ಬಂದವಳು. ಮೆಟ್ಟಿಲ ಕೆಳಗೆ, ಬೂಟುಗಳ ಕಪಾಟಿನ ಪಕ್ಕ, ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದಳು. ಅರ್ಜಿದಾರನು ಅವಳನ್ನು ಬಾ ಎಂದು ಕರೆಯಲಿಲ್ಲ. ಕರೆದರೆ ಬರುವ ಜಾತಿಯ ಹುಡುಗಿಯಲ್ಲ. "ಏ ಹುಡುಗಿ, ಈ ಮೇಜು ಅಲ್ಲಾಡ್ತಿದೆ, ಆ ತುದಿ ಸ್ವಲ್ಪ ಅದುಮಿ ಹಿಡ್ಕೋ" ಎಂದನು. ಹಿಡಿದುಕೊಂಡಳು. ಮರುದಿನವೂ ಅಲ್ಲಾಡಿತು. ಅಲ್ಲಾಡುವಂತೆ ನೋಡಿಕೊಳ್ಳುವುದು ಸಂಚಾಲಕನ ಕರ್ತವ್ಯವಾಗಿತ್ತು. ಈಗ ಸದರಿ ವಿದ್ಯಾರ್ಥಿನಿಯು, "ಏಯ್ ಸರಿಯೋ ಆ ಕಡೆ, ಇವತ್ತು ಹಿಡಿ ನಂದು! ನಿನ್ನೆ ನೀನೇ ಕೂತಿದ್ದೆ, ಮೊನ್ನೆ ನೀನೇ ಕೂತಿದ್ದೆ, ಅಂಟು ಹಾಕ್ಕೊಂಡಿದ್ದೀಯಾ?" ಎಂದು ಎಂಟನೇ ತರಗತಿಯವರನ್ನೇ ದಬಾಯಿಸುವ ಹಂತಕ್ಕೆ ಪ್ರಗತಿ ಸಾಧಿಸಿರುತ್ತಾಳೆ. ಇದಕ್ಕಿಂತ ದೀರ್ಘಾವಧಿಯ ಗುರಿ ಅರ್ಜಿದಾರನಿಗೆ ತಿಳಿದಿಲ್ಲ.

4. ಈ ಗಲಾಟೆಯನ್ನು ಬಾಗಿಲಲ್ಲಿ ನಿಂತು ನೋಡಿದ ಉಪಪ್ರಾಂಶುಪಾಲರು ಬಹಳ ಸಂತೋಷಪಟ್ಟು ಪಟದಲ್ಲಿ ಹಸಿರು ಚುಕ್ಕಿ ಅಂಟಿಸಿದರು. ಅವರು ಒಳ್ಳೆಯವರು. ಜೇಬಿನಲ್ಲಿ ಚುಕ್ಕಿಗಳ ಹಾಳೆ ಇಟ್ಟುಕೊಂಡೇ ಓಡಾಡುತ್ತಾರೆ; ಒಮ್ಮೆ ಅವರ ಮೊಣಕೈಗೇ ಹಸಿರು ಚುಕ್ಕಿ ಅಂಟಿದ್ದು, ಇಡೀ ದಿನ ಅವರು ಈಡೇರಿದವರಂತೆ ಕಾಣುತ್ತಿದ್ದರು. ಆದರೆ ಸಮಿತಿಯ ಕ್ರಮ ತಮಗೆ ತಿಳಿದೇ ಇದೆ. ಹಸಿರಾದ ಗುರಿಯ ಕೋಣೆ, ಸಾಮಾನು, ಸಮಯ ಎಲ್ಲವೂ ಕೆಂಪಾಗಿರುವ ಗುರಿಗೆ ಹೋಗತಕ್ಕದ್ದು. ಸದ್ಯ ಕೆಂಪಾಗಿರುವುದು ಗುರಿ ಎಂಟು. ಗುರಿ ಎಂಟು ಏನೆಂದರೆ, ಗುರಿಗಳ ಪ್ರಗತಿಯನ್ನು ಪರಿಶೀಲಿಸಲು ಸಮಿತಿಗೆ ಒಂದು ಕೋಣೆ ಮತ್ತು ಒಂದು ಉದ್ದನೆಯ ಮೇಜು.

5. ಆದ್ದರಿಂದ ಮೇಜು ಸೋಮವಾರ ಮಧ್ಯಾಹ್ನ ಮೇಲಕ್ಕೆ ಹೋಗತಕ್ಕದ್ದೆಂದು ತೀರ್ಮಾನವಾಗಿದೆ. "ನಿಮ್ಮ ಗುರಿ ಮುಗೀತಲ್ಲ ಮೇಷ್ಟ್ರೇ, ಇನ್ನೇನು? ಆರಾಮಾಗಿರಿ" ಎಂದು ಉಪಪ್ರಾಂಶುಪಾಲರು ಬೆನ್ನು ತಟ್ಟಿದರು. ಅರ್ಜಿದಾರನು, "ಸಾರ್, ಊಟ ಮುಗಿಯೋ ವಸ್ತು ಅಲ್ಲ, ನಾಳೆ ಮತ್ತೆ ಹಸಿವಾಗುತ್ತೆ" ಎಂದನು. "ಅದು ನಿರ್ವಹಣೆ ಮೇಷ್ಟ್ರೇ, ಗುರಿ ಅಲ್ಲ. ನಿರ್ವಹಣೆಗೆ ಚುಕ್ಕಿ ಇಲ್ಲ" ಎಂದರು.

6. ಬುಧವಾರ ಸಮಿತಿಯು ಸದರಿ ಮೇಜನ್ನು ಒಂದು ಸಭೆಗೆಂದು ಎರವಲು ಪಡೆದದ್ದು ತಮಗೆ ನೆನಪಿರಬಹುದು. ಒಂದೇ ದಿನ. ಅಂದು ಊಟದ ಹೊತ್ತಿಗೆ ಅರ್ಜಿದಾರನು ಮೆಟ್ಟಿಲ ಕಡೆ ಹೋಗಿ ನೋಡಲಾಗಿ, ಏಳನೇ ತರಗತಿಯ ಹುಡುಗಿ ಬೂಟುಗಳ ಕಪಾಟಿನ ಪಕ್ಕ, ಗೋಡೆಗೆ ಮುಖ ಮಾಡಿ ಕೂತಿದ್ದಳು. "ಯಾಕಮ್ಮ ಇಲ್ಲಿ?" ಎಂದರೆ, "ಮೇಜಿಲ್ವಲ್ಲ ಸಾರ್, ಏನು ಹಿಡ್ಕೊಳ್ಳಲಿ?" ಎಂದಳು. ಅರ್ಜಿದಾರನು ಗಂಟೆ ಹೊಡೆಯುವ ತನಕ ಅಲ್ಲೇ ಪಕ್ಕದಲ್ಲಿ ಕೂತನು. ಬೂಟುಗಳ ವಾಸನೆ ಇತ್ತು.

7. ಕಾರಣ, ಶುಕ್ರವಾರ ಅಳತೆ ತೆಗೆದ ಮೇಲೆ, ತಮ್ಮಲ್ಲಿ ಬಾಯಿಮಾತಲ್ಲೇ ಹೇಳಿಬಿಡೋಣವೆಂದು ಅರ್ಜಿದಾರನು ಊಟದ ವಿರಾಮದಲ್ಲಿ ಮಹಡಿ ಹತ್ತಿದನು. ಬಾಗಿಲು ತಟ್ಟಿದನು. ತಾವು ಬಾಯಿ ತುಂಬ ತುತ್ತಿಟ್ಟುಕೊಂಡೇ "ಬನ್ನಿ" ಎಂದಿರಿ. ಈ ಅಂಶವು ಪ್ರಕರಣಕ್ಕೆ ಅತಿ ಮುಖ್ಯವಾದ ಕಾರಣ ಯಥಾವತ್ತಾಗಿ ನಿವೇದಿಸಲಾಗಿದೆ, ತಾವು ಮನ್ನಿಸಬೇಕು.

ತಾವು ಕಡತಗಳ ಕಪಾಟಿನ ಮುಂದೆ ನಿಂತಿದ್ದಿರಿ. ಕಪಾಟಿನ ಒಂದು ಖಾನೆ ಎಳೆದು, ಅದರ ಅಂಚಿನ ಮೇಲೆ ಗುರಿ ಮೂರರ ಕಡತ ಇಟ್ಟು, ಕಡತದ ಮೇಲೆ ಊಟದ ಡಬ್ಬಿ ಇಟ್ಟುಕೊಂಡು, ನಿಂತೇ ಊಟ ಮಾಡುತ್ತಿದ್ದಿರಿ. ಕಿಟಕಿ ತೆರೆದಿತ್ತು. ಕೆಳಗಿನ ಹೊಲಿಗೆ ಕೋಣೆಯ ಗದ್ದಲವೆಲ್ಲ ಅಲ್ಲಿಗೆ ನಿಚ್ಚಳವಾಗಿ ಕೇಳಿಸುತ್ತಿತ್ತು.

"ಇವತ್ತು ಹಿಡಿ ಯಾರಿಗೆ ಸಿಕ್ತು ಮೇಷ್ಟ್ರೇ? ಆ ಏಳನೇ ಕ್ಲಾಸಿನವಳಿಗಾ?" ಎಂದು ತಾವು ಕೇಳಿದಿರಿ.

"ಅವಳಿಗೇ ಸಿಸ್ಟರ್. ಕಿತ್ಕೊಂಡಳು."

"ಗೊತ್ತಾಯ್ತು. ಅವಳು ತಿರುಗಿಸಿದ್ರೆ ಜೋರಾಗಿ ಕಿರುಗುಟ್ಟುತ್ತೆ. ನಾನೂ ಅದಾದ ಮೇಲೇ ಡಬ್ಬಿ ತೆಗೆಯೋದು" ಎಂದು ತಾವು ನಕ್ಕಿರಿ.

ಅರ್ಜಿದಾರನು, "ಕೆಳಗೇ ಬಂದುಬಿಡಿ ಸಿಸ್ಟರ್, ಅದಕ್ಕೇನು" ಎಂದನು.

ತಾವು ಡಬ್ಬಿಯ ಮುಚ್ಚಳ ಹಾಕಿದಿರಿ. "ಬೇಡ ಮೇಷ್ಟ್ರೇ. ನಾನು ಬಂದ್ರೆ ಮಕ್ಕಳು ಸುಮ್ಮನಾಗಿಬಿಡ್ತಾರೆ. ಎಲ್ಲಿಗೆ ಹೋದ್ರೂ ನನಗಿಂತ ಮುಂಚೆ ಮೌನವೇ ಹೋಗಿ ಕೂತಿರುತ್ತೆ. ಇಲ್ಲಿಂದಾದ್ರೆ ಗಲಾಟೆ ಪೂರ್ತಿ ಸಿಗುತ್ತೆ" ಎಂದಿರಿ. ನಂತರ "ನೀವೇನೋ ಹೇಳೋಕೆ ಬಂದಿದ್ರಿ?" ಎಂದಿರಿ. ಅರ್ಜಿದಾರನು ತಲೆ ಕೆರೆದುಕೊಂಡು, ಕಪಾಟಿನ ಕೀಲು ಸಡಿಲವಾಗಿದೆ ಎಂದು ಹೇಳಿ, ಅದನ್ನು ಬಿಗಿ ಮಾಡಿ ಇಳಿದು ಬಂದನು. ಕೀಲು ನಿಜವಾಗಿಯೂ ಸಡಿಲವಾಗಿತ್ತು.

8. ಮೆಟ್ಟಿಲಿಳಿಯುವಾಗ ಅರ್ಜಿದಾರನಿಗೆ ಹೊಳೆದದ್ದೇನೆಂದರೆ, ಗುರಿಯಲ್ಲಿ "ಯಾವ ಮಗುವೂ" ಎಂದು ಬರೆದಿಲ್ಲ, "ಯಾರೂ" ಎಂದು ಬರೆದಿದೆ. ಬರೆದವರು ತಾವೇ. ಪ್ರಾಂಶುಪಾಲರ ಕೊಠಡಿಯೂ ಶಾಲೆಯ ಆವರಣದಲ್ಲೇ ಇದೆ. ಆದ್ದರಿಂದ ಗುರಿ ಮೂರು ಈಡೇರಿಲ್ಲ. ಈಡೇರದ ಕಾರಣ ಚುಕ್ಕಿ ಹಸಿರಲ್ಲ. ಚುಕ್ಕಿ ಹಸಿರಲ್ಲದ ಕಾರಣ ಮೇಜು ಕದಲುವಂತಿಲ್ಲ. ಇದನ್ನು ಉಪಪ್ರಾಂಶುಪಾಲರಿಗೆ ತಿಳಿಸಲಾಗಿ, ಅವರು ಬಹಳ ಹೊತ್ತು ಪಟವನ್ನೇ ನೋಡಿ, "ನಿಯಮದ ಪ್ರಕಾರ ನೀವು ಹೇಳೋದು ಸರಿ. ಆದ್ರೆ ಅಂಟಿಸಿದ ಚುಕ್ಕಿ ನಾನೇ ಕೀಳೋಕಾಗುತ್ತಾ? ಅಧ್ಯಕ್ಷರಾದ ಸಿಸ್ಟರ್ ಅವರೇ ಕೀಳಬೇಕು" ಎಂದು ಜೇಬಿಗೆ ಕೈ ಹಾಕಿ, ಹಳದಿಯದೊಂದನ್ನು ಗುಟ್ಟಾಗಿ ಅರ್ಜಿದಾರನ ಕೈಗಿತ್ತರು.

9. ಮೌನದ ವಿಷಯವಾಗಿ ಮೇಜಿನವರ ಅಭಿಪ್ರಾಯ ಪಡೆಯಲಾಗಿದೆ. "ಸಿಸ್ಟರ್ ಊಟಕ್ಕೆ ಬಂದ್ರೆ ಸುಮ್ಮನಾಗ್ತೀರೇನ್ರೋ?" ಎಂದು ಕೇಳಲಾಗಿ, ಎಲ್ಲರೂ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಏಳನೇ ತರಗತಿಯ ವಿದ್ಯಾರ್ಥಿನಿ ಮಾತ್ರ, "ಬರ್ಲಿ ಸಾರ್. ಆದ್ರೆ ಹಿಡಿ ಕೊಡಲ್ಲ. ಮೊದಲನೇ ದಿನಾನೇ ಹಿಡಿ ಕೇಳಿದ್ರೆ ಹೆಂಗೆ? ಸರದಿ ಅಂತ ಒಂದಿರುತ್ತೆ" ಎಂದಳು. ಅದಕ್ಕೆ ಒಬ್ಬ, "ಸಿಸ್ಟರ್‌ಗೂ ಸರದಿನಾ?" ಎಂದನು. ಅವಳು, "ಯಾಕೆ, ಸಿಸ್ಟರ್‌ಗೆ ಹೊಟ್ಟೆ ಇಲ್ವಾ?" ಎಂದಳು. ಅಲ್ಲಿಂದ ಶುರುವಾದ ಜಗಳ ಗಂಟೆ ಹೊಡೆಯುವ ತನಕ ನಿಲ್ಲಲಿಲ್ಲ. ತಮ್ಮ ಕಿಟಕಿ ತೆರೆದಿದ್ದರೆ ಕೇಳಿಸಿರಬೇಕು. ಅದು ತಮ್ಮ ಕುರಿತಾದದ್ದೇ ಆಗಿತ್ತು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

(ಅ) ಗುರಿ ಮೂರು ಈಡೇರಿಲ್ಲವೆಂದು ಘೋಷಿಸಬೇಕಾಗಿಯೂ,
(ಆ) ಇದರ ಸಂಪೂರ್ಣ ಹೊಣೆಯನ್ನು ಸಂಚಾಲಕನ ಮೇಲೆ ಹೊರಿಸಬೇಕಾಗಿಯೂ,
(ಇ) ವೈಫಲ್ಯದ ಸ್ಥಳಪರಿಶೀಲನೆಗಾಗಿ ಸೋಮವಾರ ಮಧ್ಯಾಹ್ನ ಡಬ್ಬಿಸಮೇತ ಕೆಳಗಿಳಿದು ಬರಬೇಕಾಗಿಯೂ,
(ಈ) ಪರಿಶೀಲನೆ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲವಾದ ಕಾರಣ, ಮಂಗಳವಾರವೂ ಬರಬೇಕಾಗಿಯೂ

ಈ ಮೂಲಕ ಕೋರಲಾಗಿದೆ.

ತಮ್ಮ ವಿಶ್ವಾಸಿಯೂ,
ಸೋಮವಾರದಿಂದ ತಮ್ಮ ಎಡಪಕ್ಕದವನೂ ಆಗಬಯಸುವ,
ಕೈಕೆಲಸದ ಮೇಷ್ಟ್ರು.

ಪ್ರತಿ: ಪ್ರವೇಶದ್ವಾರದ ಗೂಡಿನಲ್ಲಿ ಪ್ರತಿಮೆಯಾಗಿ ನಿಂತಿರುವ, ಶಾಲೆಯ ಪಾಲಕ ಸಂತರಿಗೆ, ಮಾಹಿತಿಗಾಗಿ. ಸಂತರೂ ಬಡಗಿಗಳಾಗಿದ್ದ ಕಾರಣ ಮೇಜಿನ ಸಂಗತಿ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಗತ್ತುಗಳು:
1. ಹಳದಿ ಚುಕ್ಕಿ, ಒಂದು. ಬಾಚಣಿಗೆಯ ಬೆನ್ನಿಗೆ ಅಂಟಿಸಲಾಗಿದೆ, ಸುಲಭವಾಗಿ ಬಿಡುತ್ತದೆ. ಬಾಚಣಿಗೆ ಅರ್ಜಿದಾರನ ಹೆಂಡತಿಯವರದು, ಹಿಂದಿರುಗಿಸಬೇಕು.
2. ಕುರ್ಚಿ, ಒಂದು. ಶನಿವಾರ ಮಾಡಿದ್ದು. ಲಕೋಟೆಯಲ್ಲಿ ಹಿಡಿಯದ ಕಾರಣ ತಮ್ಮ ಬಾಗಿಲ ಹೊರಗೆ ಇಡಲಾಗಿದೆ. ಬರುವಾಗ ತಾವೇ ಎತ್ತಿಕೊಂಡು ಬರುವುದು. ಅವಸರದಲ್ಲಿ ಮಾಡಿದ್ದರಿಂದ ಅದರ ಒಂದು ಕಾಲು ಸ್ವಲ್ಪ ಗಿಡ್ಡವಾಗಿದ್ದು, ಪಕ್ಕದವರಿಗೆ ಒರಗಿಕೊಂಡೇ ಕೂರಬೇಕಾಗಿ ವಿನಂತಿ.