ಟೆಂಡರ್ ಕರೆದ ಒಬ್ಬಟ್ಟು

ಶ್ರೀಪಾದ ಟೆಂಡರ್‌ನಲ್ಲಿ 'ಬೇಳೆ' ಅನ್ನೋ ಒಂದು ಪದ ಬಿಟ್ಟಿದ್ದ. ಮರೆತು ಬಿಟ್ಟದ್ದಲ್ಲ, ಹೆಮ್ಮೆಯಿಂದ ಬಿಟ್ಟದ್ದು.

ಅವನಿಗೆ ಡಚ್ ಸರ್ಕಾರದ ಖರೀದಿ ವಿಭಾಗದಲ್ಲಿ ಕೆಲಸ. ಕೊರೊನಾ ಬಂದಮೇಲೆ ಹಾರ್ಲೆಮ್ ಮನೆಯ ಊಟದ ಮೇಜೇ ಕಚೇರಿ. ಯುಗಾದಿಗೆ ಎಲ್ಲರೂ ಒಂದೆಡೆ ಸೇರುವಂತಿಲ್ಲ, ಮನೆಮನೆಗೂ ಒಬ್ಬಟ್ಟು ಕಳಿಸೋಣ ಎಂದು ಕನ್ನಡ ಕೂಟದ ಕಾರ್ಯದರ್ಶಿ ವಾಮನ ಹೇಳಿದ್ದೇ ತಡ, ಶ್ರೀಪಾದ "ಜವಾಬ್ದಾರಿ ನಂದು. ಆದ್ರೆ ಕ್ರಮವಾಗಿ ಟೆಂಡರ್ ಕರೀತೀನಿ," ಎಂದ. ಇದು ಸರಿಹೋದರೆ ಕೂಟದ ಅಧ್ಯಕ್ಷಗಿರಿ ತನಗೇ ಎಂಬ ಆಸೆ.

"ನಾನೇ ಮಾಡಿಕೊಡ್ತೀನಲ್ಲ ರೀ," ಎಂದಳು ಹೆಂಡತಿ ಮೈಥಿಲಿ.

"ಖರೀದಿ ಮಾಡೋನ ಹೆಂಡತಿ ಟೆಂಡರ್ ಹಾಕೋ ಹಾಗಿಲ್ಲ. ಹಿತಾಸಕ್ತಿ ಸಂಘರ್ಷ! ನೀನು ಗೆದ್ರೆ ಜನ ಆಡ್ಕೋತಾರೆ."

"ಸೋತ್ರೆ ಆಡ್ಕೊಳಲ್ವಾ?"

ಸರಕಿನ ಹೆಸರು ಹೇಳಿ ಯಾರಿಗೂ ಅನುಕೂಲ ಮಾಡಬಾರದು, ಬೇಕಾದ ಗುಣಗಳನ್ನಷ್ಟೇ ಬರೆಯಬೇಕು ಎಂಬುದು ಅವನು ಕಚೇರಿಯಲ್ಲಿ ಕಲಿತ ಪಾಠ. ಹಾಗಾಗಿ ಬೇಳೆಯ ಜೊತೆ 'ಒಬ್ಬಟ್ಟು' ಅನ್ನೋ ಹೆಸರೂ ಹೋಯಿತು. ಉಳಿದದ್ದು ಇಷ್ಟು: ದುಂಡಗೆ, ತೆಳ್ಳಗೆ ಇರಬೇಕು, ಒಳಗೆ ಸಿಹಿ ಇರಬೇಕು, ಬಿಸಿ ಮಾಡಿದರೆ ಮೆತ್ತಗಾಗಬೇಕು. ಕೂಟದವರಿಗೆಲ್ಲ ಕಳಿಸಿ, ಮುಕ್ತ ಸ್ಪರ್ಧೆ ಇರಲಿ ಎಂದು ಊರಿನ ಬೇಕರಿಗಳಿಗೂ ಕಳಿಸಿದ. ಕೂಟದವರು ಒಬ್ಬರೂ ಅರ್ಜಿ ಹಾಕಲಿಲ್ಲ. ಒಂದು ಡಚ್ ಬೇಕರಿ ಮಾತ್ರ ಎಲ್ಲ ಷರತ್ತಿಗೂ ಒಪ್ಪಿತು. ಡಚ್ಚರ ಕೈಲಿ ಒಬ್ಬಟ್ಟು ತಟ್ಟಿಸಿದ ಮೊದಲ ಕನ್ನಡಿಗ ತಾನೇ ಎಂದು ಶ್ರೀಪಾದ ಉಬ್ಬಿಹೋದ.

ಯುಗಾದಿ ಬೆಳಿಗ್ಗೆ ಡಬ್ಬಿಗಳು ಬಂದವು. ಒಂದನ್ನು ತೆರೆದವನ ಮುಖ ಆರಿದ ಚಪಾತಿಯಂತೆ ಸೆಟೆದುಕೊಂಡಿತು. ಒಳಗಿದ್ದದ್ದು ಸ್ಟ್ರೋಪ್‌ವಾಫೆಲ್: ಎರಡು ತೆಳು ಬಿಲ್ಲೆಗಳ ನಡುವೆ ಸಕ್ಕರೆ ಪಾಕ ಅಂಟಿಸಿದ, ಇಲ್ಲಿ ಅಂಗಡಿ ಅಂಗಡಿಯಲ್ಲೂ ಸಿಗುವ ತಿಂಡಿ.

ಬೇಕರಿಗೆ ಫೋನ್ ಮಾಡಿದ. ಬೇಕರಿಯವನು ಶಾಂತವಾಗಿ ಕೇಳಿದ: "ದುಂಡಗಿಲ್ವಾ? ಒಳಗೆ ಸಿಹಿ ಇಲ್ವಾ? ಬಿಸಿ ಕಾಫಿ ಲೋಟದ ಮೇಲಿಟ್ಟು ನೋಡಿ, ಮೆತ್ತಗಾಗತ್ತೆ."

ಎಲ್ಲ ಸರಿಯಾಗಿತ್ತು. ಕಷ್ಟವೇ ಅದು.

ಅಷ್ಟರಲ್ಲಿ ವಾಮನನ ಫೋನು. "ಏನಯ್ಯಾ, ಬಂತಾ? ನಾಗಮಣಿ ಆಂಟಿ ಮಗನ ಮನೆಗೆ ಅಂತ ಬಂದು, ವಿಮಾನ ಇಲ್ದೆ ಇಲ್ಲೇ ಸಿಕ್ಕಾಕ್ಕೊಂಡಿದಾರೆ. ಅವರಿಗೆ ಒಬ್ಬಟ್ಟು ತಲುಪದೇ ಇದ್ರೆ ಅಧ್ಯಕ್ಷಗಿರಿ ಮರೆತುಬಿಡು."

ಶ್ರೀಪಾದ ಅಡುಗೆಮನೆಗೆ ಓಡಿದ. "ಮೈಥಿಲಿ, ತುರ್ತು ಖರೀದಿ! ನೆರೆ, ಭೂಕಂಪ ಆದಾಗ ಟೆಂಡರ್ ಇಲ್ದೇನೂ ತಗೋಬಹುದು. ಎಲ್ಲಾ ಮನೆಗೂ ಆಗೋಷ್ಟು ಒಬ್ಬಟ್ಟು..."

"ಈಗ ಸಂಘರ್ಷ ಇಲ್ವಾ?" ಎಂದಳು. ಆದರೂ ಕುಕ್ಕರಿಗೆ ಬೇಳೆ ಸುರಿದಳು. ತನ್ನ ಒಬ್ಬಟ್ಟನ್ನು ಹಾರ್ಲೆಮ್‌ನ ಕನ್ನಡಿಗರೆಲ್ಲ ಒಮ್ಮೆ ತಿನ್ನಲಿ ಎಂಬ ಜಂಬ ಅವಳಿಗೂ ಇತ್ತು.

ಅಲ್ಲಿಯವರೆಗೆ ಜನರನ್ನು ಸಮಾಧಾನ ಮಾಡಲೆಂದು ಶ್ರೀಪಾದ ಡಬ್ಬಿಗಳನ್ನು ಸೈಕಲ್ಲಿಗೆ ಹೇರಿಕೊಂಡು ಹೊರಟ. ಮೊದಲು ನಾಗಮಣಿ ಆಂಟಿ ಮನೆ.

"ಆಂಟಿ, ಒಬ್ಬಟ್ಟು ಸಂಜೆ ಬರತ್ತೆ. ಸದ್ಯಕ್ಕೆ ಇದು..."

"ಅಯ್ಯೋ, ನಮ್ಮನೇಲಿ ಬೆಳಿಗ್ಗೇನೇ ಆಯ್ತಪ್ಪ! ಟೆಂಡರ್ ಒಬ್ಬಟ್ಟು ನಂಬ್ಕೊಂಡು ಹಬ್ಬ ಮಾಡೋಕಾಗತ್ತಾ? ಮಾಸ್ಕ್ ಇಳಿಸು, ರುಚಿ ನೋಡು." ಹೊಸ್ತಿಲಲ್ಲೇ ನಿಲ್ಲಿಸಿ ಎರಡು ತಿನ್ನಿಸಿದರು. ಮೊಮ್ಮಗಳು ಸ್ಟ್ರೋಪ್‌ವಾಫೆಲ್ ಡಬ್ಬಿ ಕಸಿದುಕೊಂಡು ಕುಣಿಯುತ್ತಾ ಒಳಗೋಡಿದಳು.

ಮುಂದಿನ ಮನೆಯಲ್ಲೂ ಅದೇ ಕತೆ, ಅದರ ಮುಂದಿನದರಲ್ಲೂ. ಪ್ರತಿ ಮನೆಗೂ ತನ್ನ ಒಬ್ಬಟ್ಟಿನ ಮೇಲೆ ಹೆಮ್ಮೆ, ಪಕ್ಕದ ಮನೆಯದರ ಮೇಲೆ ಗುಮಾನಿ. ಯಾರೂ ಟೆಂಡರ್ ಹಾಕದಿದ್ದದ್ದು ಯಾಕೆಂದು ಆಗ ಹೊಳೆಯಿತು. ಕೊನೇ ಮನೆ ದಾಟುವಾಗ ಶ್ರೀಪಾದನ ಹೊಟ್ಟೆ ಡೊಳ್ಳಾಗಿತ್ತು, ಪೆಡಲ್ ತುಳಿಯಲು ಮಂಡಿ ಮೇಲೇಳದು.

ಮತ್ತೆ ವಾಮನನ ಫೋನು. "ಶಭಾಷ್ ಕಣೋ! ಮಕ್ಕಳೆಲ್ಲ ಖುಷಿಯೋ ಖುಷಿ. ಅಧ್ಯಕ್ಷ ನೀನೇ ಅಂತ ಗ್ರೂಪಲ್ಲಿ ಎಲ್ಲಾ ಒಪ್ಪಿಬಿಟ್ರು. ಒಂದೇ ಮಾತು, ಒಬ್ಬಟ್ಟು ಮಾತ್ರ ಕಳಿಸ್ಬೇಡ. ಯಾರ ಮನೇಲೂ ಇಡೋಕೆ ಜಾಗ ಇಲ್ಲ."

ಶ್ರೀಪಾದ ಎದೆಯುಬ್ಬಿಸಿ ಮನೆಯೊಳಗೆ ಬಂದ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಕಾಣದಷ್ಟು ಎತ್ತರಕ್ಕೆ ಒಬ್ಬಟ್ಟಿನ ಗುಡ್ಡ. ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದ ಮೈಥಿಲಿ, ಕೂದಲಿಗೆಲ್ಲ ಮೈದಾ ಮೆತ್ತಿಕೊಂಡು, ಕೊನೆಯದನ್ನು ಮಗುಚುತ್ತಿದ್ದಳು.

"ಹೊರಡಿ. ಯಾವ ಮನೆಗೆ ಮೊದಲು?"

ಶ್ರೀಪಾದ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಅವಳು ಒಲೆ ಆರಿಸಿದಳು. ಕುರ್ಚಿ ಎಳೆದು, ಅವನನ್ನು ಗುಡ್ಡದ ಎದುರು ಕೂರಿಸಿ, ತಟ್ಟೆ ಇಟ್ಟಳು.

"ಅಧ್ಯಕ್ಷರೇ, ತುಪ್ಪ ಹಾಕ್ಲಾ, ಹಾಲು ಹಾಕ್ಲಾ?"