ಗೋಡೆಯ ಮೇಲೆ ಒಂದೇ ಖೋಲಿ

ಊರಿನ ಲೆಕ್ಕ ಊರವರಿಗೆಲ್ಲ ಕಾಣಬೇಕು, ಕರ ಅವರವರ ಮನೆಗೆ ತಕ್ಕಂತೆ ಇರಬೇಕು ಎಂದು ಹೇಳಿಕೊಂಡು ತಿರುಗುವವನಿಗೆ ನಗುವುದಕ್ಕೆ ಬೇರೆ ನಾಟಕ ಬೇಕಿಲ್ಲ. ಗಣೇಶಗುಡಿ ಕಡೆಯ ಸಣ್ಣ ಪಂಚಾಯಿತಿಯೊಂದರಲ್ಲಿ ನಾನು ಕರ ವಸೂಲಿಗಾರ. ಆ ವರ್ಷ ನೀರಿನ ಮೋಟಾರು ಸುಟ್ಟುಹೋಯಿತು. ರಿಪೇರಿಗೆ ಪಂಚಾಯಿತಿಯಲ್ಲಿ ಬಿಡಿಗಾಸೂ ಇರಲಿಲ್ಲ. ಹೆಣ್ಣುಮಕ್ಕಳು ಹೊಳೆಯಿಂದ ಕೊಡ ಹೊತ್ತು ತರುವುದನ್ನು ನೋಡಿ, ನಾನು ಕರದ ಪುಸ್ತಕ ಹಿಡಿದು ಮನೆಮನೆ ಅಳೆಯಲು ಹೊರಟೆ.

೧. ಬೀಗರು

ಹೋಮ್‌ಸ್ಟೇ ಮಾಲೀಕರೊಬ್ಬರ ಮನೆಗೆ ಅಳತೆಗೆ ಹೋದೆ. ಸಾಲಾಗಿ ಎಂಟು ಖೋಲಿ, ಪ್ರತಿ ಕೋಣೆಯಲ್ಲೂ ಮಂದಿ.

"ಹೋಮ್‌ಸ್ಟೇ ಎಲ್ಲೈತ್ರಿ? ನಾವಿರೋದು ಒಂದ ಖೋಲಿ, ಅದನ್ನ ಬರ್ಕೋರಿ. ಉಳಿದಾವು ಬೀಗರು ಬಂದ್ರ ಇರ್ಲಿ ಅಂತ ಕಟ್ಟಿಸೇನಿ," ಎಂದರು.

"ಇವರೆಲ್ಲಾ ಬೀಗರೇನ್ರಿ?"

"ಹೌದ್ರಿ. ನಮ್ಮನ್ನ ಭಾಳ ಹಚ್ಕೊಂಡಾರ. ಶನಿವಾರ ಬಂತಂದ್ರ ಬಂದಬಿಡ್ತಾರ."

ಅಷ್ಟರಲ್ಲಿ ರಾಫ್ಟಿಂಗ್ ಮುಗಿಸಿ, ಮೈಯಿಂದ ನೀರು ಸೋರಿಸುತ್ತ ಬಂದ ಬೀಗರೊಬ್ಬರು ಕೇಳಿದರು: "ಇಲ್ಲಿ ಓನರ್ ಯಾರು? ಬಿಲ್ ಕೊಡಿ, ಹೊರಡಬೇಕು."

೨. ಸಮಪಾಲು

ಗ್ರಾಮಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ನೀರು ಕೇಳಿದವರು ಇದೇ ಮಾಲೀಕರು. ತಗಡಿನ ಮನೆಯ ಅಜ್ಜಿಯೊಬ್ಬಳು ಎದ್ದು ನಿಂತಳು.

"ನಂದೂ ಒಂದ ಖೋಲಿ, ಇವರದೂ ಒಂದ ಖೋಲಿ. ಕರಾ ಇಬ್ಬರದೂ ಸಮ ಅಂತ. ಹಂಗಾದ್ರ ಬರೋ ಶನಿವಾರ ಅರ್ಧಾ ಬೀಗರನ್ನ ನನ್ನ ಮನಿಗೆ ಕಳಸ್ರಿ!"



೩. ಗೋಡೆ

ಮರುವಾರ ಪಂಚಾಯಿತಿಗೆ ಬಂದ ಹಣ, ಖರ್ಚಾದ ಹಣ, ಯಾರ ಮನೆಗೆ ಎಷ್ಟು ಕರ, ಎಲ್ಲವನ್ನೂ ಅದರ ಗೋಡೆಯ ಮೇಲೆ ಬರೆಸಿದೆ. ಮಾಲೀಕರ ಹೆಸರಿನ ಮುಂದೆ ಅವರು ಹೇಳಿದ್ದನ್ನೇ ಬರೆಸಿದೆ: ಒಂದು ಖೋಲಿ.

ಗೋಡೆ ಇದ್ದದ್ದು ಬಸ್ ನಿಲ್ದಾಣದ ಎದುರಿಗೆ. ಶನಿವಾರ ಬಸ್ಸಿಳಿದ ಪ್ರವಾಸಿಗರು ಅದನ್ನು ಓದಿದರು. "ಫೋನಲ್ಲಿ ಎಂಟು ರೂಮ್ ಅಂದ್ರಲ್ಲ, ಇಲ್ಲಿ ನೋಡಿದ್ರೆ ಒಂದೇ ಅಂತ ಬರೆದಿದೆ" ಎಂದು ಬೇರೆ ಕಡೆ ಹೊರಟರು. ಸುದ್ದಿ ತಿಳಿದ ಮಾಲೀಕರು ಬನಿಯನ್‌ನಲ್ಲೇ ಓಡಿ ಬಂದರು.

"ಸಾಹೇಬ್ರ, ಬೀಗರೆಲ್ಲಾ ಹೊಂಟ್ರು! ಲಗೂನ ಎಂಟು ಅಂತ ಬರಸ್ರಿ!"

"ಎಂಟು ಅಂದ್ರ ಎಂಟರ ಕರಾ ಕಟ್ಟಬೇಕಾಗ್ತೈತಿ."

"ತಗೋರಿ, ಈಗಿಂದೀಗ ಕಟ್ತೇನಿ!"

ಅವರನ್ನು ನೋಡಿ ಉಳಿದ ಹೋಮ್‌ಸ್ಟೇಯವರೂ ಕಟ್ಟಿದರು. ಮೋಟಾರು ರಿಪೇರಿಯಾಯಿತು. ಅಜ್ಜಿಯ ನಲ್ಲಿಯಲ್ಲಿ ನೀರು ಬಂದ ದಿನ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಅಂದೇ ಮಾಲೀಕರು ಮತ್ತೆ ಬಂದರು. ಗೋಡೆಯ ಮುಂದೆ ನಿಂತು, ತಮ್ಮ ಹೆಸರನ್ನು ಸಮಾಧಾನದಿಂದ ಓದಿಕೊಂಡು ಹೇಳಿದರು:

"ಹೆಂಗೂ ಕರಾ ಕಟ್ಟೇನಲ್ರಿ. ಎಂಟು ಖೋಲಿ ಅನ್ನೋದರ ಕೆಳಗ 'ಬಿಸಿನೀರು ಐತಿ' ಅಂತನೂ ಬರಸಿಬಿಡ್ರಿ."